ನಮ್ಮಪ್ಪನನ್ನು ಮಾಸ್ತರ್ ಎಂದವರು

ಮೊನ್ನೆ ಬನಹಟ್ಟಿಯಲ್ಲಿ ಸೀರೆ ಕೊಳ್ಳಲೆಂದು ಒಂದು ಓಣಿ ಹೊಕ್ಕಾಗ ಗಂಜಿಯ ಹುಳಿ ವಾಸನೆ ಮೂಗಿಗೆ ಬಡಿಯಿತು. ನೂಲಿನ ಹಾಸನ್ನು ಉದ್ದಕ್ಕೆ ಬಿಗಿದು ಯಾರೋ ಗಂಜಿ ಸವರುತ್ತಿದ್ದರು. ನೇಕಾರನ ಮಗಳಾದ ನನಗೆ ಆ ವಾಸನೆಯಿಂದ ನೆನಪಾಗಬೇಕಾದದ್ದು ನಮ್ಮ ಮನೆ. ಆದರೆ ಮೊದಲು ಕಣ್ಣೆದುರು ಬಂದವರು ಜಮಖಂಡಿಯ ಕಾಲೇಜಿನಲ್ಲಿ ನಮಗೆ ಮಧ್ಯಯುಗದ ಯುರೋಪಿನ ಇತಿಹಾಸ ಕಲಿಸಿದ ಸರ್…

ತೊಂಬತ್ತರ ದಶಕದ ಕೊನೆಯ ವರ್ಷಗಳು. ರಬಕವಿಯಿಂದ ದಿನಾ ಬಸ್ಸಿನಲ್ಲಿ ಓಡಾಡಿ ಬಿ.ಎ. ಓದುತ್ತಿದ್ದೆ. ಗೆಳತಿಯರೆಲ್ಲ ಕಬ್ಬಿನ ಹೊಲ ಇದ್ದವರ, ನೌಕರದಾರರ ಮನೆಯವರು. ಪ್ರವೇಶದ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ನಾನು 'ವ್ಯಾಪಾರ' ಎಂದು ಬರೆದಿದ್ದೆ. ಅಪ್ಪ ನೇಯುತ್ತಾನೆ ಎಂಬುದನ್ನು ಯಾರಿಗೂ ಹೇಳಿರಲಿಲ್ಲ.

ಮಧ್ಯಯುಗದ ಯುರೋಪಿನ ಬಗ್ಗೆ ಕನ್ನಡದಲ್ಲಿ ಒಳ್ಳೆಯ ಪುಸ್ತಕ ಸಿಗುತ್ತಿರಲಿಲ್ಲ. ಸರ್ ಇಂಗ್ಲಿಷಿನಲ್ಲಿ ಓದಿ, ತಾವೇ ಕನ್ನಡದಲ್ಲಿ ಬರೆದು ತಂದು ಪಾಠ ಮಾಡುತ್ತಿದ್ದರು. ಒಂದು ದಿನ ಗಿಲ್ಡುಗಳ ಪಾಠ ನಡೆದಿತ್ತು. ಗಿಲ್ಡ್ ಎಂದರೆ ಕಸುಬುದಾರರ ಕೂಟ. ಅದರಲ್ಲಿ ಕಲಿಯುವ ಹುಡುಗ ಮಾಸ್ತರನ, ಅಂದರೆ ಕಸುಬು ಬಲ್ಲ ಹಿರಿಯನ, ಮನೆಯಲ್ಲೇ ಇದ್ದು ಕೆಲಸ ಕಲಿಯಬೇಕು ಎಂದು ಬರೆಸುತ್ತಿದ್ದವರು ತಟ್ಟನೆ ನಿಂತರು.

"ನೇಕಾರಿಕಿ ಕಲಿಯಾಕ ಏಳು ವರ್ಷ ಅಂತ ಪುಸ್ತಕದಾಗ ಐತಿ. ಏಳು ವರ್ಷ ಏನ ಕಲೀತಿದ್ದ? ನನಗ ಗೊತ್ತಿಲ್ಲ ನೋಡ್ರಿ."

ಗೊತ್ತಿಲ್ಲ ಎಂದು ಒಪ್ಪಿಕೊಂಡ ಮೇಷ್ಟರನ್ನು ನಾನು ಅದೇ ಮೊದಲು ಕಂಡದ್ದು. ತರಗತಿ ಮುಗಿದ ಮೇಲೆ ನನ್ನೊಬ್ಬಳನ್ನೇ ಕರೆದರು.

"ತಂಗಿ, ನಿಮ್ಮ ಮನ್ಯಾಗ ಮಗ್ಗ ಐತೇನು?"

"ಇಲ್ರೀ ಸರ."

"ನಿನ್ನ ಜಡಿಗೆ ನೂಲಿನ ಎಳಿ ಹತ್ತೇತಿ," ಎಂದರು, ಬೇರೆ ಯಾರಿಗೂ ಕೇಳಿಸದ ಹಾಗೆ.

ಆ ಭಾನುವಾರ ಅವರು ಮನೆಗೇ ಬಂದರು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ ಅಪ್ಪ ಗಡಬಡಿಸಿ ಎದ್ದ. "ನೀವು ಕುಂದರ್ರಿ ಮಾಸ್ತರ್. ನಾ ಕಲಿಯಾಕ ಬಂದೇನಿ," ಎಂದರು ಸರ್. ಮಾಸ್ತರ್ ಯಾರು ಬಂದರೆಂದು ಅಪ್ಪ ಹಿಂದಕ್ಕೆ ತಿರುಗಿ ನೋಡಿದ. ನಮ್ಮ ಕಡೆ ಆ ಮಾತು ಶಾಲೆಯಲ್ಲಿ ಕಲಿಸುವವರಿಗಷ್ಟೇ.

ಮಧ್ಯಾಹ್ನದವರೆಗೂ ನೆಲದ ಮೇಲೆ ಕುಳಿತು ಬರೆದುಕೊಂಡರು. ಹೊರಡುವಾಗ, ಕಾಲೇಜಿಗೆ ಬಂದು ಒಂದು ದಿನ ಇದನ್ನೆಲ್ಲ ಹುಡುಗರಿಗೂ ಹೇಳಬೇಕು ಎಂದು ಅಪ್ಪನನ್ನು ಕೇಳಿಕೊಂಡರು. ಅಪ್ಪ ನನ್ನ ಮುಖ ನೋಡಿದ. ಸರ್ ಹೋದ ಮೇಲೆ ಮೆಲ್ಲಗೆ ಕೇಳಿದ: "ಅಲ್ಲಿ ನಾ ಯಾರಂತ ಹೇಳೂದು ಬ್ಯಾಡಲ್ಲ?"

ನಾನು ಸುಮ್ಮನಿದ್ದೆ. ಆ ಸುಮ್ಮನಿದ್ದದ್ದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಹೇಳಿದ ದಿನ ಅಪ್ಪ ಒಗೆದ ಧೋತರ, ಬಿಳಿ ಟೊಪ್ಪಿಗೆಯಲ್ಲಿ ಕಾಲೇಜಿಗೆ ಬಂದ. "ಇವರು ರಬಕವಿಯ ನೇಕಾರ ಮಾಸ್ತರು. ಇವತ್ತಿನ ಪಾಠ ಇವರದು," ಎಂದಷ್ಟೇ ಹೇಳಿ ಸರ್ ಬೆಂಚಿನ ಮೇಲೆ ನಮ್ಮ ನಡುವೆ ಬಂದು ಕುಳಿತರು. ಅಪ್ಪ ನಾನಿದ್ದ ಕಡೆ ಒಮ್ಮೆಯೂ ನೋಡಲಿಲ್ಲ.

"ಮೊದಲನೇ ವರ್ಷ ಮಗ್ಗ ಮುಟ್ಟೂ ಹಂಗಿಲ್ರಿ. ಲಾಳಿಗೆ ಹಾಕೂ ಕಂಡಿಕಿಗೆ ನೂಲ ಸುತ್ತಬೇಕು, ಅಷ್ಟ. ಆಮ್ಯಾಲ ಹರದ ಎಳಿಗೆ ಗಂಟ ಹಾಕೂದು. ಗಂಟ ಕೈಗೆ ಹತ್ತಬಾರದು, ಕಣ್ಣಿಗೂ ಕಾಣಬಾರದು. ಅದನ್ನ ಕಲಿಯಾಕ ಎರಡು ವರ್ಷ ಬೇಕ್ರಿ…"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಅಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ಆಗ ಸರ್ ಬೆಂಚಿನಿಂದ, ವಿದ್ಯಾರ್ಥಿಯ ಹಾಗೆ ಕೈಕಟ್ಟಿ ಎದ್ದು ನಿಂತರು.

"ಮಾಸ್ತರ್, ಒಂದು ಪ್ರಶ್ನೆ ಐತ್ರಿ. ನಿಮಗ ಕಲಿಸಿದವರು ಯಾರು?"

ಅಪ್ಪ ಟೊಪ್ಪಿಗೆಯನ್ನು ಮತ್ತೆ ತಲೆಗೇರಿಸಿದ.

"ನಮ್ಮವ್ವರೀ. ಅಪ್ಪ ತೀರಿದಾಗ ನಾ ಸಣ್ಣಾವ. ಮಗ್ಗ ನಿಲ್ಲಬಾರದಂತ ಅವ್ವ ತಾನ ಕುಣ್ಯಾಗ ಇಳದ್ಲು. ನನ್ನ ಬಾಜೂಕ ಕುಂದರಿಸಿಕೊಂಡು ಕಲಿಸಿದ್ಲು."

ಸರ್ ಮುಖ ಅರಳಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಅವರು ನಮ್ಮ ಕಡೆ ತಿರುಗಿದರು. "ಯುರೋಪಿನಾಗೂ ಹಿಂಗ ಇತ್ತು! ಗಂಡ ಸತ್ತ ಮ್ಯಾಲ ಹೆಂಡತಿ ಕೆಲಸ ನಡಸಬಹುದು ಅಂತ ಎಷ್ಟೋ ಊರಿನ ಗಿಲ್ಡಿನವರು ಒಪ್ಪಿದ್ದರು. ಆದರ ಆ ಹೆಣ್ಣಮಕ್ಕಳ ಹೆಸರು ಬರದಿಟ್ಟಾವರು ಕಡಿಮಿ."

ಯಾವಾಗ ಎದ್ದು ನಿಂತೆನೋ ನನಗೇ ತಿಳಿಯಲಿಲ್ಲ. "ಅಕಿ ನಮ್ಮ ಅಜ್ಜಿರೀ ಸರ," ಎಂದೆ. "ಇವರು… ನಮ್ಮಪ್ಪ."

ಅಪ್ಪ ಆಗ ನನ್ನನ್ನು ನೋಡಿದ. ಆಮೇಲೆ ಅವನನ್ನು ತಡೆಯುವವರೇ ಇರಲಿಲ್ಲ. ಗಂಟೆ ಹೊಡೆದ ಮೇಲೂ ಹುಡುಗರು ಸುತ್ತುಗಟ್ಟಿ ಕೇಳುತ್ತಲೇ ಇದ್ದರು. ನಕ್ಕವನೂ ಅವರಲ್ಲಿದ್ದ.

ಅಲ್ಲಿಂದ ಸರ್ ಮತ್ತು ಅಪ್ಪ ಗೆಳೆಯರಾದರು. ಮರುವರ್ಷ ಸರ್ ಅವರ ಊರು ನೀರಿಗೆ ಹೋಗುವ ಹೊತ್ತು ಬಂತು. ಬೀಳಗಿ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಗಿದ್ದ ಊರು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಅಲ್ಲಿಯವರೆಗೆ ಏರುವುದಿತ್ತು. ಮನೆಯ ಬಾಗಿಲು, ತೊಲೆ ಕಳಚಿ ತರಲು ಅಪ್ಪನೂ ಜೊತೆಗೆ ಹೋದ. ಮರುದಿನ ಸರ್ ಎಂದಿನಂತೆ ತರಗತಿಗೆ ಬಂದರು. ಅಂಗೈ ಸುಲಿದಿತ್ತು, ಸೀಮೆಸುಣ್ಣ ಹಿಡಿಯಲು ಆಗುತ್ತಿರಲಿಲ್ಲ. ಅಂದಿನ ಪಾಠ ಮಧ್ಯಯುಗದ ವಿಶ್ವವಿದ್ಯಾಲಯಗಳದು.

"ಮೊದಮೊದಲು ಅವಕ್ಕ ಸ್ವಂತ ಕಟ್ಟಡ ಇದ್ದಿಲ್ಲ. ಊರಿನವರ ಜೋಡಿ ಜಗಳ ಆದರ ಕಲಸಾವರು, ಕಲಿಯಾವರು ಕೂಡೇ ಎದ್ದು ಬ್ಯಾರೆ ಊರಿಗೆ ಹೋಗತಿದ್ದರು. ಅವರು ಎಲ್ಲಿ ಕುಂತರೋ ಅಲ್ಲೇ ವಿದ್ಯಾಲಯ…"

ಕಿಟಕಿಯ ಕಡೆ ಮುಖ ಮಾಡಿ ನಿಂತರು. ಆಮೇಲೆ ತಿರುಗಿ, "ಬರಕೋರಿ," ಎಂದರು.

ನಾನು ಎಂ.ಎ. ಮಾಡಿದ್ದು, ಮುಧೋಳದ ಒಂದು ಕಾಲೇಜಿನಲ್ಲಿ ಅದೇ ವಿಷಯ ಕಲಿಸಲು ನಿಂತದ್ದು, ಎಲ್ಲ ಅವರಿಂದಲೇ. ಪಾಠದಲ್ಲಿ ಎಲ್ಲಿ ತೊಡಕಾದರೂ ಬಸ್ಸು ಹತ್ತಿ ಅವರ ಬಳಿಗೆ ಹೋಗುತ್ತಿದ್ದೆ. ನಿವೃತ್ತರಾದ ಮೇಲೆ ಅವರು ಬೀಳಗಿಯ ಹತ್ತಿರ, ಸ್ಥಳಾಂತರವಾದ ತಮ್ಮ ಹೊಸ ಊರಿಗೇ ಹೋಗಿದ್ದರು. ಬರಬರುತ್ತ ನನಗೆ ಮಕ್ಕಳು, ಪರೀಕ್ಷೆಯ ಕೆಲಸ… ಹೋಗುವುದು ಕಡಿಮೆಯಾಯಿತು. ಅವರಿಗೆ ಲಕ್ವಾ ಹೊಡೆದ ಸುದ್ದಿಯೂ ತಡವಾಗಿ ತಿಳಿಯಿತು.

ಹೋದಾಗ ಹೊರಸಿನ ಮೇಲೆ ದಿಂಬಿಗೆ ಒರಗಿ ಕುಳಿತಿದ್ದರು. ನನ್ನನ್ನು ಗುರುತಿಸಿದರು. ಮಾತು ತೊದಲುತ್ತಿತ್ತು.

"ಮಾಸ್ತರ್… ಹೆಂಗದಾರ?"

ಅಪ್ಪ ತೀರಿ ಆಗಲೇ ವರ್ಷ ಕಳೆದಿತ್ತು. ಸಾಕ್ಷಿಯಿಲ್ಲದೆ ಒಂದು ಮಾತನ್ನೂ ಆಡಬೇಡ ಎಂದು ಕಲಿಸಿದವರ ಮುಂದೆ ಕುಳಿತು ನಾನು ಹೇಳಿದೆ, "ಆರಾಮ ಅದಾರ್ರೀ ಸರ."

"ಮಗ್ಗ?"

"ನಡದೈತ್ರಿ."

ಅವರು ತಲೆಯಾಡಿಸಿ ಕಣ್ಣು ಮುಚ್ಚಿದರು. ಬಾಗಿಲವರೆಗೆ ಕಳಿಸಲು ಬಂದ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು. "ನಿಮ್ಮ ತಂದಿಯವರು ಹ್ವಾದದ್ದು ನಮಗ ಗೊತ್ತೈತಿ ಯವ್ವ. ಇವರಿಗೆ ಎರಡ ಸಲ ಹೇಳಿದೆ. ಎರಡೂ ಸಲ ಹೊಸದಾಗಿ ಕೇಳಿದವರಂಗ ಅತ್ತರು, ಮತ್ತ ಮರತರು. ನೀ ಹಂಗ ಅಂದದ್ದ ಛಲೋ ಆತು."

ಆ ಮಳೆಗಾಲ ಮುಗಿಯುವುದರೊಳಗೆ ಸರ್ ಕೂಡ ತೀರಿಹೋದರು.

ಈಗ ನಮ್ಮ ಪಠ್ಯಕ್ರಮದಲ್ಲಿ ಮಧ್ಯಯುಗದ ಯುರೋಪಿಗೆ ಪೂರ್ತಿ ಪತ್ರಿಕೆಯಿಲ್ಲ. ಒಂದು ಅಧ್ಯಾಯ ಉಳಿದಿದೆ. ಅದರಲ್ಲಿ ಗಿಲ್ಡುಗಳಿಗೆ ಒಂದು ಪುಟ. ಕಳೆದ ವಾರ ಅದನ್ನು ಮುಗಿಸುವಾಗ ರನ್ನ ಬೆಳಗಲಿಯಿಂದ ಬರುವ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಮೇಡಂ, ಅರ್ಧಾ ಕಲಿಸಿ ಮಾಸ್ತರ ಸತ್ತುಹ್ವಾದರ ಕಲಿಯಾವ ಏನ ಮಾಡತಿದ್ದ?"

ನನಗೆ ಖಚಿತವಾಗಿ ಗೊತ್ತಿರಲಿಲ್ಲ. "ಕೇಳಿ ಹೇಳ್ತೀನಿ, ಕುಂದರು," ಎಂದುಬಿಟ್ಟೆ. ಅಷ್ಟರಲ್ಲಿ ನನ್ನ ಮನಸ್ಸು, ಸರ್ ಇದ್ದಾಗಿನ ಹಾಗೆ, ಸಂಜೆ ಬೀಳಗಿಗೆ ಬಸ್ಸು ಎಷ್ಟು ಗಂಟೆಗೆ ಎಂದು ನೆನಪು ಮಾಡಿಕೊಳ್ಳುತ್ತಿತ್ತು…