ಲೇಬಲಣ್ಣ ಹಾಕದ ಸಹಿ

ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ಉದ್ದ ಬೆಳೆದಿರುತ್ತಿತ್ತು, ಅದರಡಿಯಲ್ಲಿ ಒಣಗಿದ ಅಂಟಿನ ಕಪ್ಪು ಗೆರೆ. ಹೊರದೇಶದಿಂದ ಬಂದ ವೈನ್ ಬಾಟಲಿಯ ಹಿಂಬದಿಗೆ ನಾವು ಅಂಟಿಸಿದ ಸ್ಟಿಕ್ಕರಿನ ಅಂಚನ್ನು ಆ ಉಗುರಿನಿಂದ ಎಬ್ಬಿಸಿ, ಅಡಿಯಲ್ಲಿ ಮೂಲ ಲೇಬಲಿನ ಯಾವ ಸಾಲಾದರೂ ಮುಚ್ಚಿಹೋಗಿದೆಯೇ ಎಂದು ನೋಡುತ್ತಿದ್ದರು. ಗಲ್ಫಿನ ಜೆಬೆಲ್ ಅಲಿ ಬಂದರಿನ ನಮ್ಮ ಗೋಡೌನಿನಲ್ಲಿ ಎಲ್ಲರಿಗೂ ಅವರು ಲೇಬಲಣ್ಣ. ಅವರು ಇನ್‌ಚಾರ್ಜ್, ನಾನು ಅವರ ಕೈಕೆಳಗಿನವನು. ಮಾಲು ಹೊರಗೆ ಹೋಗಬೇಕಾದರೆ ನಮ್ಮಿಬ್ಬರಲ್ಲಿ ಒಬ್ಬರ ಸಹಿ ಬೇಕೇ ಬೇಕಿತ್ತು.

ಉಡುಪಿ ಕಡೆಯವರು, ಒಂದು ಹನಿ ಕುಡಿದವರಲ್ಲ. ಊರಿನಲ್ಲಿರುವ ತಾಯಿಗೆ ಫುಡ್‌ಸ್ಟಫ್ ಕಂಪನಿ ಎಂದೇ ಹೇಳಿಟ್ಟಿದ್ದರು. "ನಿಮ್ಮ ಲೇಬಲ್ಲೇ ಸುಳ್ಳಲ್ವಾ ಅಣ್ಣ?" ಎಂದು ನಾನು ಕಾಲೆಳೆದರೆ, "ಅದನ್ನು ಯಾರೂ ಕುಡಿಯುದಿಲ್ಲ ಮಾರಾಯ" ಎನ್ನುತ್ತಿದ್ದರು. ಯಾವ ದೇಶದ ಮಾಲು, ಎಷ್ಟು ಆಲ್ಕೋಹಾಲ್, ವೈನ್ ಕೆಡದಂತೆ ಹಾಕುವ ಸಲ್ಫೈಟ್ ಇದೆ ಎಂಬ ಎಚ್ಚರಿಕೆ ಕಣ್ಣಿಗೆ ಬೀಳುವಂತಿದೆಯೇ, ಎಲ್ಲವನ್ನೂ ನೋಡಲು ಕಲಿಸಿದವರು ಅವರೇ. "ಕುಡಿಯುವವನಿಗೆ ಒಳಗೆ ಎಂತ ಉಂಟು ಅಂತ ಗೊತ್ತಾಗ್ಬೇಕು. ನಮ್ಮ ಕೆಲಸ ಅಷ್ಟೇ."

ಒಂದು ಜನವರಿಯಲ್ಲಿ ಹೊಸ ಬೆಳೆಯ ವೈನ್ ಬಂತು. ಆ ಬೆಳೆಯ ದ್ರಾಕ್ಷಿಗೆ ಬಿಸಿಲು ಹೆಚ್ಚಾಗಿ ಆಲ್ಕೋಹಾಲ್ ಶೇಕಡಾ ಹದಿನಾಲ್ಕಕ್ಕೆ ಏರಿತ್ತು. ಬಾಟಲಿಯ ಮುಂದೆ ಹಾಗೆಯೇ ಅಚ್ಚಾಗಿತ್ತು. ಆದರೆ ವೈನ್ ಮಾಡಿದ ಪುಣ್ಯಾತ್ಮರು ನಮ್ಮ ಸ್ಟಿಕ್ಕರಿಗೆ ಹಳೆಯ ವಿವರವನ್ನೇ ಕಳಿಸಿದ್ದರು, ಹನ್ನೆರಡೂವರೆ. ನಾವೂ ಕಣ್ಣುಮುಚ್ಚಿ ಮುದ್ರಿಸಿ, ಇಡೀ ಲಾಟಿಗೆ, ಒಟ್ಟಿಗೆ ಬಂದ ಅಷ್ಟೂ ಬಾಟಲಿಗಳಿಗೆ, ಅಂಟಿಸಿದ ಮೇಲೆ ಲೇಬಲಣ್ಣನ ಕಣ್ಣಿಗೆ ಬಿತ್ತು. ಹೊಸದು ಮುದ್ರಿಸಿ ಸರಕಾರದ ಒಪ್ಪಿಗೆ ಪಡೆಯಲು ಎರಡು ವಾರ ಬೇಕು. ಹೋಟೆಲುಗಳಿಗೆ ಮಾಲು ಆ ಶನಿವಾರವೇ ಬೇಕಿತ್ತು.

ಮ್ಯಾನೇಜರ್ ನಮ್ಮ ಜಿಲ್ಲೆಯವನೇ. ಊರಿನವನೆಂಬ ಸಲುಗೆ ಅವನಿಗೆ ಬೇಕಾದಾಗ ಮಾತ್ರ ನೆನಪಾಗುತ್ತಿತ್ತು. "ಹಿಂದಿನ ಲೇಬಲ್ ಯಾರು ಓದ್ತಾರೆ ಮಾರ್ರೆ? ಸೈನ್ ಹಾಕಿ, ಖಲಾಸ್."

"ನಾನು ಓದಿದೆನಲ್ಲ," ಎಂದರು ಲೇಬಲಣ್ಣ.

"ಮಗಳಿಗೆ ಮಾರ್ಚಲ್ಲಿ ಹನ್ನೆರಡನೇ ಕ್ಲಾಸ್ ಪರೀಕ್ಷೆ ಅಲ್ವಾ? ಯೋಚನೆ ಮಾಡಿ."

ಕೆಲಸ ಹೋದರೆ ವೀಸಾ ಹೋಗುತ್ತದೆ, ಅಪ್ಪನ ವೀಸಾದಲ್ಲೇ ಮಗಳು ಇರುವುದು, ಬಿಡಿಸಿ ಹೇಳಬೇಕಿರಲಿಲ್ಲ. ಅವರು ನನ್ನನ್ನು ಕ್ಯಾಂಟೀನಿಗೆ ಕರೆದೊಯ್ದು ಚಹಾ ಹೇಳಿದರು. "ನೀನೂ ಹಾಕಬೇಡ. ಇಬ್ಬರೂ ಹಾಕದಿದ್ರೆ ಅವನು ಎಂತ ಮಾಡ್ತಾನೆ? ಹೊಸ ಸ್ಟಿಕ್ಕರ್ ಮಾಡಿಸಲೇಬೇಕು. ಸಹಿ ಹಾಕ್ಲಿಕ್ಕೆ ಬೇರೆ ಯಾರೂ ಇಲ್ಲದೆ ನನ್ನನ್ನು ಕಳಿಸ್ಲಿಕ್ಕೂ ಆಗುದಿಲ್ಲ." "ಹಾಕುವುದಿಲ್ಲ ಅಣ್ಣ," ಎಂದೆ. ಚಹಾದ ಲೋಟ ಕೈಯಲ್ಲಿ ಹಿಡಿದೇ ಹೇಳಿದೆ.

ಮರುದಿನ ಬೆಳಿಗ್ಗೆ ಮ್ಯಾನೇಜರ್ ಕರೆದ. ಇನ್‌ಚಾರ್ಜ್ ಸೀಟು ಖಾಲಿಯಾಗಬಹುದು ಎಂದ. ಹೆದರಿಸಲಿಲ್ಲ, ಗದರಿಸಲೂ ಇಲ್ಲ. ನಾನು ಹಾಕಿಬಿಟ್ಟೆ.

ಲೇಬಲಣ್ಣನ ಹುದ್ದೆ ಅಗತ್ಯವಿಲ್ಲವೆಂದು ಕಾಗದ ಬಂತು. ಅದೇ ಹುದ್ದೆಗೆ ನನ್ನನ್ನು ಕೂರಿಸಿದರು, ನಾಚಿಕೆಯಿಲ್ಲದೆ ಕೂತೆ. ಸಿಲಿಕಾನ್ ಓಯಸಿಸ್ ಬಡಾವಣೆಯ ಫ್ಲ್ಯಾಟು ಬಿಟ್ಟು ಅವರು ಮಗಳನ್ನು ಕರೆದುಕೊಂಡು ಊರಿಗೆ ಹೋದರು. ಮಗಳಿಗೆ ಆ ವರ್ಷ ಪರೀಕ್ಷೆ ಬರೆಯಲಾಗಲಿಲ್ಲ. ಬಾಟಲಿಗಳು ಹೋಟೆಲು ಸೇರಿದವು, ಜನ ಕುಡಿದರು, ಒಬ್ಬನೂ ತುಟಿ ಬಿಚ್ಚಲಿಲ್ಲ. ಮ್ಯಾನೇಜರ್ ಹೇಳಿದ್ದೇ ಸರಿಯಾಯಿತು ಎಂಬುದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಮುಂದಿನ ವರ್ಷ ಅವರು ಹೃದಯಾಘಾತದಿಂದ ತೀರಿಕೊಂಡರು. ಅದಕ್ಕೆ ತಿಂಗಳ ಮುಂಚೆ ಒಮ್ಮೆ ಫೋನ್ ಮಾಡಿದ್ದರು. ಬೈಯಲಿಕ್ಕೆ ಎಂದುಕೊಂಡು, ಬೈಗುಳಕ್ಕೆ ಸಿದ್ಧನಾಗಿಯೇ ಎತ್ತಿದೆ.

"ಆ ಲಾಟಿಗೆ ಏನಾದ್ರೂ ಕಂಪ್ಲೇಂಟ್ ಬಂತಾ?" ಎಂದು ಕೇಳಿದರು.

"ಇಲ್ಲ ಅಣ್ಣ."

"ಒಳ್ಳೆದಾಯ್ತು. ಸೈನ್ ಹಾಕಿದ ಪೇಪರಲ್ಲಿ ನಿನ್ನ ಹೆಸರಲ್ವಾ ಇರುದು? ನಿನ್ನನ್ನು ಹಿಡೀತಾರೋ ಅಂತ ನನಗೆ ನಿದ್ರೆ ಬರ್ತಿರಲಿಲ್ಲ."