ಒಂಬತ್ತು ಏಟಿನ ಮೇಸ್ತ್ರಿ

ನಮ್ಮ ಮೇಸ್ತ್ರಿ ಹಾರೆ ಎತ್ತಿದನೆಂದರೆ ಸುತ್ತ ನಿಂತವರು ಬಾಯಿ ಮುಚ್ಚಿಕೊಳ್ಳಬೇಕು. ಕಿವಿಯನ್ನು ನೆಲದ ಕಡೆ ವಾಲಿಸಿ ಒಂದು ಏಟು ಹಾಕುತ್ತಾನೆ. ‘ಠಣ್’ ಅಂದರೆ ಕೆಳಗೆ ಬಂಡೆ, ಮನೆ ಕಟ್ಟಬಹುದು. ‘ಧಪ್’ ಅಂದರೆ ಮಣ್ಣು. ಅದು ಹೊಲಕ್ಕೆ ಸೇರಿದ್ದು, ಅಲ್ಲಿ ಕಲ್ಲಿಡುವ ಮಾತೇ ಇಲ್ಲ. ಒಂದು ಮನೆಯ ಜಾಗಕ್ಕೆ ಒಂಬತ್ತು ಏಟು: ನಾಲ್ಕು ಮೂಲೆಗೆ ನಾಲ್ಕು, ಗೋಡೆ ಬರುವ ಕಡೆ ನಾಲ್ಕು, ನಟ್ಟನಡುವೆ ಒಂದು. ಎಂಟು ಠಣ್ ಅಂದು ಒಂದು ಧಪ್ ಅಂದರೂ ಹಾರೆ ಹೆಗಲಿಗೇರುತ್ತದೆ, ಮೇಸ್ತ್ರಿ ಮುಂದಕ್ಕೆ ನಡೆಯುತ್ತಾನೆ.

ಮೊದಲಿಂದಲೂ ಹೀಗಿದ್ದವನಲ್ಲ. ಮೂವತ್ತು ವರ್ಷ ಪೇಟೆಯಂಚಿನಲ್ಲಿ ಸಾಲುಮನೆ ಕಟ್ಟಿದವನು, ಎಲ್ಲವೂ ಉತ್ತ ನೆಲದ ಮೇಲೆಯೇ. ಅವನಪ್ಪ ಉಳುತ್ತಿದ್ದ ಹೊಲ ಮಾರಾಟವಾಗಿ, ಅದರ ಮೇಲೆ ಕಾರು ನಿಲ್ಲಿಸುವ ಜಾಗಕ್ಕೆ ಕಾಂಕ್ರೀಟು ಸುರಿದದ್ದೂ ಇವನ ಕೈಯೇ. “ಕಟ್ಟು ಅಂದ್ರು, ಕಟ್ಟಿದೆ,” ಅನ್ನುತ್ತಾನೆ. ಅಂದ ಮೇಲೆ ಸ್ವಲ್ಪ ಹೊತ್ತು ಯಾರ ಮುಖವನ್ನೂ ನೋಡುವುದಿಲ್ಲ.

ಅಂಥವನನ್ನು ಹೊಲದಕ್ಕ ಕರೆಸಿದಳು. ಗಂಡ ತೀರಿಕೊಂಡ ಮೇಲೆ ಐವತ್ತು ಎಕರೆಯನ್ನು ಒಬ್ಬಳೇ ನಡೆಸುತ್ತಿದ್ದವಳು. ಜನವೆಲ್ಲ ಪೇಟೆ ಸೇರಿ ಊರಿನ ಶಾಲೆಗೆ ಬೀಗ ಬಿದ್ದಿತ್ತು, ಹಿಟ್ಟಿನ ಗಿರಣಿಗೂ ಬೀಗ. ಹೊಲದಕ್ಕನ ಯೋಚನೆ ಇಷ್ಟೇ: ಮೇಲಿನ ಕಲ್ಲುದಿಬ್ಬದ ಮೇಲೆ ಮೂವತ್ತು ಮನೆ ಏಳಲಿ, ಕೆಳಗಿನ ಹೊಲ ಎಲ್ಲರದೂ ಆಗಲಿ. ಬಂದು ನೆಲೆಸುವವರು ವಾರಕ್ಕೊಂದು ಬೆಳಗ್ಗೆ ಹೊಲದಲ್ಲಿ ಬೆನ್ನು ಬಗ್ಗಿಸಲಿ, ಬೆಳೆದದ್ದನ್ನು ಹಂಚಿಕೊಳ್ಳಲಿ. ಉಳುವ ಮಣ್ಣು ಮಾತ್ರ ಒಂದು ಬೊಗಸೆಯೂ ಮನೆಯಡಿ ಹೋಗಕೂಡದು.

“ಬಂಡೆ ಮೇಲೆ ಕಟ್ಟೋಕಾಗುತ್ತಾ ಮೇಸ್ತ್ರಿ?”

“ಬಂಡೆ ಮೇಲೆ ಕಟ್ಟಿದ್ರೆ ಬೀಳೋಕೆ ಹೇಗಾಗುತ್ತಕ್ಕಾ?”

ಒಂಬತ್ತು ಏಟಿನ ನೇಮ ಅವತ್ತು ಅವನೇ ಮಾಡಿಕೊಂಡದ್ದು. ನಾಲ್ಕು ವರ್ಷದಲ್ಲಿ ಇಪ್ಪತ್ತೊಂಬತ್ತು ಮನೆ ಎದ್ದವು. ಶಾಲೆಯ ಗಂಟೆ ಮೊಳಗಿತು, ಗಿರಣಿ ತಿರುಗಿತು. ಪೇಟೆಯಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಒಬ್ಬಾತ ಬಂದು ಮೊದಲ ವಾರವೇ ಕಳೆಯೆಂದು ಈರುಳ್ಳಿ ಸಸಿಯನ್ನು ಅರ್ಧ ಸಾಲು ಕಿತ್ತುಹಾಕಿದ. ಅವನಿಗೆ ‘ಮಾತ್ರೆರಾಯ’ ಅಂತ ಅಂದೇ ಹೆಸರು ಬಿತ್ತು. ಈಗ ಹೊಸಬರಿಗೆ ಕಳೆ ಯಾವುದು, ಸಸಿ ಯಾವುದು ಅಂತ ಪಾಠ ಹೇಳುವವನೂ ಅವನೇ.

ಮಾತ್ರೆರಾಯನಿಗೆ ಒಂದು ಆಸೆ. ಹೊಲದ ಕಡೆಗೆ ತನ್ನ ಮನೆಯನ್ನು ಎರಡು ಕೋಣೆ ಬೆಳೆಸಬೇಕು. ಮೇಸ್ತ್ರಿ ಹಾರೆ ಹಾಕಿ ನೋಡಿದ. ಒಂಬತ್ತರಲ್ಲಿ ಎರಡು ಧಪ್.

“ಎರಡೇ ಅಲ್ವೇನಯ್ಯಾ, ಕಣ್ಣು ಮುಚ್ಕೋ.”

“ಕಣ್ಣು ಮುಚ್ಕೋಬಹುದು ರಾಯರೇ. ಕೇಳಿಸಿದ್ದು ಕಿವಿಗಲ್ವಾ?”

ಮೂವತ್ತನೇ ಮನೆ ಮೇಸ್ತ್ರಿಯದೇ. ಊರವರಿಗೆಲ್ಲ ಕಟ್ಟಿಕೊಟ್ಟವನು ಅಲ್ಲಿಯವರೆಗೂ ಸೋರುವ ಬಾಡಿಗೆ ಕೋಣೆಯಲ್ಲಿದ್ದ. ಈ ಮಳೆಗಾಲ ಸ್ವಂತ ಸೂರಿನಡಿ ಅಂತ ಹೆಂಡತಿಗೆ ಮಾತು ಕೊಟ್ಟಿದ್ದ. ಆತುರ ನೋಡಿ, ದಿಬ್ಬದ ಕೆಳಗಿನ ಅಂಚಿನಲ್ಲಿ ಮೂಲೆಗೊಂದರಂತೆ ನಾಲ್ಕೇ ಏಟು ಹಾಕಿದ. ಠಣ್ ಅಂದಲ್ಲಿಂದ ಠಣ್ ಅಂದಲ್ಲಿಗೆ ದಾರ ಎಳೆದ, ಕಲ್ಲಿಟ್ಟ.

ತಳಪಾಯ ಮೊಣಕಾಲೆತ್ತರ ಬಂದಿತ್ತು. ಬಚ್ಚಲು ನೀರಿನ ಕೊಳವೆಗೆಂದು ನಡುವೆ ತೋಡಿದರೆ ಗುದ್ದಲಿ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಸೊಂಟದಾಳದವರೆಗೂ ಕಪ್ಪು ಮಣ್ಣು, ಎರೆಹುಳು ಸಮೇತ. ಯಾವುದೋ ಕಾಲದಲ್ಲಿ ಅಲ್ಲಿ ದನದ ದೊಡ್ಡಿಯಿತ್ತು. ಮೂಲೆಯಲ್ಲಿ ಠಣ್ ಅಂದದ್ದು ಬಂಡೆಯಲ್ಲ, ಹೂತುಹೋದ ದೊಡ್ಡಿಯ ಗೋಡೆ. ಅದರ ಮೇಲೇ ಇವನು ಮನೆ ಕೂರಿಸಿದ್ದ. ಒಳಗಿದ್ದದ್ದು ತಲೆಮಾರುಗಳ ಗೊಬ್ಬರ. ಇಡೀ ಐವತ್ತು ಎಕರೆಯಲ್ಲೇ ಅಂಥ ಮಣ್ಣಿಲ್ಲ.

ಆ ಬೆಳಗ್ಗೆ ಹೊಲದ ಸರದಿ ಮಾತ್ರೆರಾಯನದು. ಬಂದವನು ಗುಂಡಿಗೆ ಇಣುಕಿ ನಕ್ಕ. “ಬಿಡು ಮೇಸ್ತ್ರಿ. ನಿನ್ನ ಮನೆ ನಾನು ನೋಡ್ಲಿಲ್ಲ, ನನ್ನ ಕೋಣೆಯ ಧಪ್ ನೀನು ಕೇಳ್ಲಿಲ್ಲ. ಸರಿಹೋಯ್ತಲ್ಲ?”

ಅವನ ನಗೆಯಲ್ಲಿ ಕೆಡುಕಿರಲಿಲ್ಲ, ಕಷ್ಟ ಇದ್ದದ್ದೇ ಅಲ್ಲಿ. ಈ ಮನೆ ನಿಂತರೆ ನಾಳೆ ಆ ಎರಡು ಕೋಣೆ, ನಾಡಿದ್ದು ಇನ್ನೊಬ್ಬರ ಕಾರಿನ ಶೆಡ್ಡು. ಹೊಲ ಅಂಚಿನಿಂದ ಕರಗುತ್ತಾ ಬರುತ್ತದೆ. ಕೆಡವಿದರೆ ಹೆಂಡತಿಗೆ ಕೊಟ್ಟ ಮಾತು ನೀರುಪಾಲು.

ಬುತ್ತಿ ತಂದ ಹೆಂಡತಿಗೆ ಇದ್ದದ್ದು ಇದ್ದ ಹಾಗೆ ಹೇಳಿದ.

“ಊರವರ ಮನೆಗೆಲ್ಲ ಒಂಬತ್ತು, ನಮ್ಮ ಮನೆಗೆ ನಾಲ್ಕಾ? ನಾನಂದ್ರೆ ಅಷ್ಟು ಸದರಾನಾ ನಿಮಗೆ?”

“ತಪ್ಪಾಯ್ತು ಕಣೇ.”

“ತಪ್ಪಾಯ್ತು ಅಂದ್ಬಿಟ್ರೆ ಕಲ್ಲು ಎದ್ದು ತಾನೇ ನಡ್ಕೊಂಡು ಹೋಗುತ್ತಾ?” ಅನ್ನುತ್ತ ತೋಳೇರಿಸಿ ಮೊದಲ ಕಲ್ಲಿಗೆ ಅವಳೇ ಕೈಹಾಕಿದಳು.

ಸುದ್ದಿ ತಿಳಿದು ಹೊಲದಕ್ಕ ಓಡಿಬಂದಳು. “ನನ್ನ ಮಾತಿಗೆ ಕಟ್ಟುಬಿದ್ದು ಕೆಡವ್ಬೇಡ ಮೇಸ್ತ್ರಿ. ಇದೊಂದು ಮನೆ ಇರ್ಲಿ, ನಾನೇ ಹೇಳ್ತಿದೀನಿ.”

“ನಿಮ್ಮ ಮಾತಿಗಲ್ಲಕ್ಕಾ,” ಎಂದ ಮೇಸ್ತ್ರಿ, ಕಲ್ಲು ಹೊತ್ತವನು ಹೊತ್ತ ಹಾಗೇ ನಿಂತು. “ಅಪ್ಪನ ಹೊಲ ಮುಚ್ಚಿದ ಕೈ ಇದು. ಇನ್ನೊಂದು ಸಲ ಆಗಲ್ಲ.”

ಮಾತ್ರೆರಾಯ ಚಪ್ಪಲಿ ಬಿಟ್ಟು ಬಂದು ಒಂದು ಕಲ್ಲಿನ ಇನ್ನೊಂದು ತುದಿ ಹಿಡಿದ. ಎರಡು ಕೋಣೆಯ ಸುದ್ದಿ ಅವನ ಬಾಯಲ್ಲಿ ಮತ್ತೆ ಬರಲಿಲ್ಲ. ಹೊತ್ತು ಇಳಿಯುವಷ್ಟರಲ್ಲಿ ಇಪ್ಪತ್ತೊಂಬತ್ತು ಮನೆಯವರೂ ಸಾಲಾಗಿ ನಿಂತು, ಕೈಯಿಂದ ಕೈಗೆ ಕಲ್ಲು ದಾಟಿಸಿ ದಿಬ್ಬಕ್ಕೇರಿಸಿದ್ದರು. ಹಾಗಂತ ಮಳೆ ಕಾಯುತ್ತದೆಯೇ? ಆ ವರ್ಷವೂ ಗಂಡ ಹೆಂಡಿರು ಬಾಡಿಗೆ ಕೋಣೆಯಲ್ಲಿ ಸೋರುವಲ್ಲೆಲ್ಲ ಪಾತ್ರೆ ಇಟ್ಟುಕೊಂಡೇ ಕಳೆದರು. ಒಂಬತ್ತು ಏಟು ಹಾಕಿ ದಿಬ್ಬದ ಮೇಲೆ ಎಬ್ಬಿಸಿದ ಮನೆ ಮುಗಿದದ್ದು ಮಳೆ ಹಿಂದೆಗೆದ ಮೇಲೆ.

ಈಗ ಈ ದಿಬ್ಬವನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಮೇಸ್ತ್ರಿಗೆ ಹೊಗಳಿಸಿಕೊಳ್ಳುವುದು ಗೊತ್ತಿಲ್ಲ, ಎಲ್ಲಿಗಾದರೂ ಕಾಲ್ಕೀಳುತ್ತಾನೆ. ಅವನ ಹೆಂಡತಿ ಮಾತ್ರ ಬಂದವರನ್ನು ಸುಮ್ಮನೆ ಬಿಡುವುದಿಲ್ಲ.

“ನಮ್ಮವರು ಕಟ್ಟಿದ ಮನೆ ಯಾರು ಬೇಕಾದ್ರೂ ತೋರಿಸ್ತಾರೆ. ಕೆಡವಿದ ಮನೆ ತೋರಿಸ್ತೀನಿ, ಬನ್ನಿ,” ಎಂದು ಮುಂದೆ ಮುಂದೆ ನಡೆದು, ಎದೆಯೆತ್ತರ ಬೆಳೆದ ಜೋಳದ ನಡುವೆ ಅವರನ್ನು ನಿಲ್ಲಿಸುತ್ತಾಳೆ.