ಚಿಕ್ಕಮ್ಮ ಹೇಳದೆ ಬಿಟ್ಟ ಮಾತು

ಗಾರ್ಮೆಂಟ್ಸ್‌ನಲ್ಲಿ ಚೆಕ್ಕಿಂಗ್ ಕೆಲಸ ಮಾಡುವ ನನ್ನ ಚಿಕ್ಕಮ್ಮ ಹೊಲಿಗೆ ಎಳೆದು ನೋಡದೆ ಒಂದು ಅಂಗಿಯನ್ನೂ ಮುಂದಕ್ಕೆ ಬಿಟ್ಟವಳಲ್ಲ. ನನ್ನ ಅಮ್ಮನ ಆಪರೇಷನ್ನಿಗೆಂದು ನಾಲ್ಕು ದಿನ ನಮ್ಮೂರಿಗೆ ಬರಬೇಕಾದಾಗ, ನಾಯಿ ಗುಂಡನನ್ನು ನೋಡಿಕೊಳ್ಳಲು ಬಂದವರನ್ನೂ ಹಾಗೆಯೇ ಎಳೆದು ನೋಡಿದಳು. ಒಬ್ಬನ ಉಗುರಲ್ಲಿ ಕೊಳೆ, ಇನ್ನೊಬ್ಬಳ ಕಣ್ಣೆಲ್ಲ ಬೀರುವಿನ ಮೇಲೆ. ಮೂರನೆಯವನು ನೆಲದ ಮೇಲೆ ಕೂತು ಗುಂಡನ ಕಿವಿ ಸವರಿದ. ಅವನಿಗೇ ಬೀಗದ ಕೈ ಕೊಟ್ಟಳು.

ಊಟದ ಹೊತ್ತು, ಓಡಾಡಿಸುವ ದಾರಿ, ಎಲ್ಲ ಹೇಳಿದಳು. ಒಂದನ್ನು ಮಾತ್ರ ಮುಚ್ಚಿಟ್ಟಳು: ಗಂಟಲಿನ ಗಡ್ಡೆ ತೆಗೆಸಿದಂದಿನಿಂದ ಗುಂಡನಿಗೆ ಬೊಗಳಲು ಬರುವುದಿಲ್ಲ. ಗೊತ್ತಾದರೆ ಮನೆಯನ್ನೇ ಗುಡಿಸಿ ಗುಂಡಾಂತರ ಮಾಡಿಯಾನು ಎಂಬ ಗುಮಾನಿ, ಊರೆಲ್ಲ ಕಳ್ಳರೆಂದೇ ತಿಳಿದ ಹೆಂಗಸಿಗೆ!

ಮೂರನೆಯ ದಿನ ಆಸ್ಪತ್ರೆಯಿಂದ ಅವನಿಗೆ ಫೋನ್ ಮಾಡಿದಳು. ನಾನು ಪಕ್ಕದಲ್ಲೇ ಇದ್ದೆ.

"ಗುಂಡ ಹೇಗಿದಾನಪ್ಪಾ?"

"ಚೆನ್ನಾಗಿ ತಿಂದ್ಕೊಂಡು ಆರಾಮಾಗಿದಾನೆ ಅಕ್ಕಾ. ನಿಮ್ದೇ ಫೋನು ಅಂತ ಅವನಿಗೆ ಗೊತ್ತಾಗ್ಬಿಡ್ತು ನೋಡಿ. ತಗೊಳ್ಳಿ, ನೀವೇ ಕೇಳಿ."

ಫೋನಿನೊಳಗೆ ನಾಯಿಯೊಂದು ಗಟ್ಟಿಯಾಗಿ, ಮತ್ತೆ ಮತ್ತೆ ಬೊಗಳಿತು.

ಚಿಕ್ಕಮ್ಮ ಫೋನನ್ನು ಕಿವಿಯಿಂದ ಇಳಿಸಲಿಲ್ಲ.

"ಕೇಳಿಸ್ತಾ ಅಕ್ಕಾ?" ಎಂದ ಅವನು.